ಜೂನ್ ತಿಂಗಳಲ್ಲೂ ಮೀನು ಹಿಡಿಯುತ್ತೇನೆ

ಕಾರವಾರದಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಪ್ರೌಢಶಾಲೆಯ ಕೆಲವು ಇಂಗ್ಲಿಷ್ ಶಿಕ್ಷಕರ ಮುಂದೆ ಮಳೆಗಾಲದ ಒಂದು ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ ಇದು. ಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನೊಳಗೇ ಸೇರಿಸಿದ್ದೇನೆ. ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಇಟ್ಟದ್ದಕ್ಕೆ ಕಾರಣ ಮುಂದೆ ಬರುತ್ತದೆ.

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಬಸ್ ಇಳಿದವನು ಸೀದಾ ಇಲ್ಲಿಗೆ ಬರಲಿಲ್ಲ. ಹೊತ್ತು ಇತ್ತು, ಕೊಡೆ ಬಿಚ್ಚಿಕೊಂಡು ಬೈತಖೋಲದ ಬಂದರಿನವರೆಗೆ ಹೋಗಿ ಬಂದೆ. ಬೋಟುಗಳೆಲ್ಲ ಒಂದಕ್ಕೊಂದು ಮೈ ತಾಗಿಸಿಕೊಂಡು ನಿಂತಿವೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ ಎಂಬುದು ಅದಕ್ಕೆ ಕಾರಣ. ಒಂದು ಶೆಡ್ಡಿನ ಕೆಳಗೆ ಒಬ್ಬರು ಹರಿದ ಬಲೆ ಸರಿಪಡಿಸುತ್ತ ಕುಳಿತಿದ್ದರು. ಏನು ಉದ್ಯೋಗ ಎಂದು ಕೇಳಿದೆ. 'ಮೀನು ಹಿಡಿಯುತ್ತೇನೆ' ಎಂದರು. ಕೈಯಲ್ಲಿ ದಾರ, ಕಾಲ ಬಳಿ ಚಹಾದ ಲೋಟ. ಆಗಸ್ಟ್ ಬರುವ ತನಕ ಅವರ ಬಲೆಗೆ ಒಂದು ಬಂಗಡೆಯೂ ಬೀಳುವುದಿಲ್ಲ. ಆದರೂ ಅವರು ಹೇಳಿದ್ದರಲ್ಲಿ ಒಂದಿಷ್ಟೂ ಸುಳ್ಳಿಲ್ಲ.

ಅದೇ ಮಾತನ್ನು ಇಂಗ್ಲಿಷಿಗೆ ತನ್ನಿ: 'ಐ ಕ್ಯಾಚ್ ಫಿಶ್.' ಈಗ ಅದಕ್ಕೆ ಒಂದು 'ಇಂಗ್' ಹಚ್ಚಿ: 'ಐ ಆ್ಯಮ್ ಕ್ಯಾಚಿಂಗ್ ಫಿಶ್.' ಬೋಟಿನ ಮಾಲೀಕರೊಬ್ಬರು ಈ ತಿಂಗಳಲ್ಲಿ ಬಂದರಿನಲ್ಲಿ ನಿಂತು ಹೀಗೆ ಹೇಳಿದರೆ ಮೀನುಗಾರಿಕೆ ಇಲಾಖೆಯವರು ಬಂದು ಹೆಸರು ಬರೆದುಕೊಂಡು ಹೋಗುತ್ತಾರೆ. ಮೊದಲನೆಯದು ಕಸುಬು, ಎರಡನೆಯದು ಅಪರಾಧ. ನಮ್ಮ ಪುಸ್ತಕಗಳಲ್ಲಿ ಎರಡಕ್ಕೂ ಹೆಸರು ವರ್ತಮಾನಕಾಲ.

ಈ ಹೆಸರೇ ನಮ್ಮನ್ನು ಹಾದಿ ತಪ್ಪಿಸುತ್ತದೆ ಎಂಬುದು ನನ್ನ ದೂರು. ವರ್ತಮಾನ ಎಂದೊಡನೆ ವಿದ್ಯಾರ್ಥಿ ಗಡಿಯಾರ ನೋಡುತ್ತಾನೆ. ಆದರೆ ಇಂಗ್ಲಿಷಿನ ಸಾಮಾನ್ಯ ವರ್ತಮಾನಕ್ಕೆ ಗಡಿಯಾರದ ಗೊಡವೆಯೇ ಹೆಚ್ಚಾಗಿ ಇರುವುದಿಲ್ಲ. ಅದು ಕೇಳುವುದು 'ಯಾವಾಗ' ಎಂದಲ್ಲ. ಸಂಗತಿ ನೆಲೆ ನಿಂತದ್ದೋ, ನಡೆಯುವ ದಾರಿಯಲ್ಲಿದೆಯೋ, ಮುಗಿದೂ ನಮ್ಮ ಕೈಯಲ್ಲಿ ಏನನ್ನಾದರೂ ಉಳಿಸಿದೆಯೋ ಎಂದು. ಈ ಮೂರನ್ನೂ ಬೇರೆ ಮಾಡಿ ನೋಡುವ ಕಣ್ಣು ಕನ್ನಡಕ್ಕೆ ಮೊದಲಿನಿಂದ ಇದೆ. ಇಂಗ್ಲಿಷ್ ಕಲಿಯುವಾಗ ಆ ಕಣ್ಣನ್ನು ತರಗತಿಯ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬರಬೇಕು ಎಂದು ಯಾರೋ ನಮಗೆ ಕಲಿಸಿಬಿಟ್ಟಿದ್ದಾರೆ.

ನಾನು ಶಿರಸಿ ಕಡೆಯ ತೋಟದ ಮನೆಯವನು. ನಮ್ಮ ಕಾಲದಲ್ಲಿ ಇಂಗ್ಲಿಷ್ ಅಕ್ಷರದ ಮುಖ ಕಂಡದ್ದೇ ಐದನೇ ತರಗತಿಯಲ್ಲಿ. ಪಾಠದ ಪ್ರತಿ ಸಾಲಿನ ಮೇಲೆ ಪೆನ್ಸಿಲಿನಿಂದ ಕನ್ನಡದಲ್ಲಿ ಉಚ್ಚಾರ ಬರೆದುಕೊಂಡು ಓದುತ್ತಿದ್ದೆವು. ಮಾಸ್ತರರು ಹತ್ತಿರ ಬಂದರೆ ಅಂಗೈಯಿಂದ ಒರೆಸಿಬಿಡುತ್ತಿದ್ದೆವು. ಈ ಬರಹದಲ್ಲಿ ಆ ಪೆನ್ಸಿಲಿನ ಸಾಲುಗಳನ್ನೇ ಉಳಿಸಿದ್ದೇನೆ, ಈಗ ಒರೆಸುವ ಭಯವಿಲ್ಲ. ಹೈಸ್ಕೂಲಿಗೆ ಬಂದ ಮೇಲೆ ಗೈಡಿನಲ್ಲಿ ಹನ್ನೆರಡು ಮನೆಯ ಕೋಷ್ಟಕವೊಂದು ಸಿಕ್ಕಿತು: ಮೂರು ಕಾಲ, ಒಂದೊಂದಕ್ಕೆ ನಾಲ್ಕು ರೂಪ. ಬೆಳಗಿನ ಜಾವ ಬಚ್ಚಲೊಲೆಗೆ ಅಡಿಕೆ ಹಾಳೆ ಒಟ್ಟುತ್ತ ಅದನ್ನು ಬಾಯಿಪಾಠ ಮಾಡಿದೆ. ಇಂದಿಗೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೆ ಒಪ್ಪಿಸುತ್ತೇನೆ. ಅದರಿಂದ ಆದ ಲಾಭ ಹೇಳುತ್ತೇನೆ ಕೇಳಿ. ಪದವಿ ಮುಗಿಸಿ ಧಾರವಾಡದಲ್ಲಿ ಮೊದಲ ಸಂದರ್ಶನಕ್ಕೆ ಹೋದಾಗ ಎದುರು ಕುಳಿತವರು 'ವಾಟ್ ಡು ಯು ಡು?' ಎಂದರು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು 'ಐ ಆ್ಯಮ್ ಸಿಟ್ಟಿಂಗ್, ಸರ್' ಎಂದೆ.

ಅವರು ಕೇಳಿದ್ದು 'ಏನು ಮಾಡಿಕೊಂಡಿದ್ದೀಯಪ್ಪ?' ಎಂದು. ಮದುವೆಯ ಮನೆಯಲ್ಲಿ ಸಿಕ್ಕ ನೆಂಟರು ಕೇಳುತ್ತಾರಲ್ಲ, ಅದೇ ಪ್ರಶ್ನೆ. ಅದನ್ನು ಕನ್ನಡದಲ್ಲಿ ಕೇಳಿದ್ದರೆ 'ಕುಳಿತುಕೊಂಡಿದ್ದೇನೆ' ಎಂದು ಯಾವ ದಡ್ಡನೂ ಉತ್ತರಿಸುವುದಿಲ್ಲ. ಕೋಷ್ಟಕ ಬಾಯಿಗೆ ಬರುತ್ತಿತ್ತು. ಅದಕ್ಕೂ ನನ್ನ ಬುದ್ಧಿಗೂ ನಡುವೆ ಸೇತುವೆ ಇರಲಿಲ್ಲ, ಅಷ್ಟೆ.

ಮೊದಲು ನೆಲೆ ನಿಂತ ಸಂಗತಿಯನ್ನು ಸ್ವಲ್ಪ ನೋಡೋಣ. ಕಾಳಿ ನದಿ ಇಲ್ಲಿ ಸಮುದ್ರ ಸೇರುತ್ತದೆ. ಶಿರಸಿಯಲ್ಲಿ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಜಾತ್ರೆ ಇಲ್ಲದ ವರ್ಷದಲ್ಲಿ, ಪೇಟೆ ಖಾಲಿ ಹೊಡೆಯುತ್ತಿರುವಾಗ ಹೇಳಿದರೂ ಈ ಮಾತು ನಿಜವೇ. 'ಟೇಕ್ಸ್ ಪ್ಲೇಸ್ ಎವ್ರಿ ಟು ಇಯರ್ಸ್' ಎನ್ನುತ್ತದೆ ಇಂಗ್ಲಿಷ್. ಬಸ್ ನಿಲ್ದಾಣದ ಹಲಗೆಯೂ ಇದೇ ಗುಂಪಿಗೆ ಸೇರುತ್ತದೆ. 'ದ ಬಸ್ ಲೀವ್ಸ್ ಅಟ್ ಸಿಕ್ಸ್ ಟುಮಾರೋ' ಎಂಬಲ್ಲಿ ನಾಳೆ ಎಂಬ ಮಾತಿದ್ದರೂ ಕ್ರಿಯಾಪದ ವರ್ತಮಾನದ್ದೇ, ಏಕೆಂದರೆ ವೇಳಾಪಟ್ಟಿ ನೆಲೆ ನಿಂತದ್ದು. ಬಸ್ ಹೊರಡುತ್ತದೆಯೋ ಇಲ್ಲವೋ ಎಂಬುದು ವ್ಯಾಕರಣಕ್ಕೆ ಸೇರಿದ ವಿಷಯವಲ್ಲ.

ಇನ್ನೊಂದು ವಿಚಿತ್ರ ಬಳಕೆ ಪತ್ರಿಕೆಗಳದ್ದು. 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಹೊತ್ತಿನಲ್ಲಿ ನಮ್ಮ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದದ್ದು ನಿಮಗೆಲ್ಲ ನೆನಪಿದೆ. ಇಂಥ ಸುದ್ದಿಗೆ ಇಂಗ್ಲಿಷ್ ಪತ್ರಿಕೆ ತಲೆಬರಹ ಕೊಡುವ ರೀತಿ 'ಬ್ರಿಜ್ ಕೊಲ್ಯಾಪ್ಸಸ್'. ಆಗಿಹೋದ ಘಟನೆಗೆ ಸಾಮಾನ್ಯ ವರ್ತಮಾನ! ಕೋಷ್ಟಕದ ಪ್ರಕಾರ ಓದಿದರೆ ಈ ಸೇತುವೆಗೆ ದಿನಾ ಕುಸಿಯುವ ಅಭ್ಯಾಸವಿದೆ ಎಂದಾಗುತ್ತದೆ. ಕನ್ನಡ ಪತ್ರಿಕೆ ಇಲ್ಲಿ ಜಾಣತನ ಮಾಡುತ್ತದೆ. ಕ್ರಿಯಾಪದವನ್ನೇ ಬಿಟ್ಟು 'ಸೇತುವೆ ಕುಸಿತ' ಎಂದು ನಾಮಪದ ಇಟ್ಟುಬಿಡುತ್ತದೆ. ಕಾಲದ ಜಗಳವೇ ಇಲ್ಲ. ಆದ್ದರಿಂದ ಇಂಗ್ಲಿಷ್ ಪತ್ರಿಕೆ ಓದಿ ಇಂಗ್ಲಿಷ್ ಕಲಿಯಿರಿ ಎಂದು ಹೇಳುವ ಶಿಕ್ಷಕರಲ್ಲಿ ನನ್ನ ವಿನಂತಿ: ತಲೆಬರಹ ಬಿಟ್ಟು ಅದರ ಕೆಳಗಿನ ಸಾಲಿನಿಂದ ಶುರು ಮಾಡಿಸಿ. ಅಲ್ಲಿ 'ಕೊಲ್ಯಾಪ್ಸ್‌ಡ್' ಎಂದು ಭೂತಕಾಲ ಸರಿಯಾಗಿಯೇ ಬಂದಿರುತ್ತದೆ.

'ಹಿ', 'ಶಿ', 'ಇಟ್' ಬಂದಾಗ ಹಚ್ಚುವ 'ಎಸ್' ಬಗ್ಗೆ ಎರಡೇ ಮಾತು. ಒಂದು ಕಾಲಕ್ಕೆ ಇಂಗ್ಲಿಷಿನಲ್ಲೂ ನಮ್ಮ ಹಾಗೆ ಒಬ್ಬೊಬ್ಬರಿಗೆ ಒಂದೊಂದು ಪ್ರತ್ಯಯವಿತ್ತು. ನಾಲ್ಕು ನೂರು ವರ್ಷಗಳ ಹಿಂದಿನ ಬರಹ ತೆರೆದರೆ 'ದೌ ಗೋಯೆಸ್ಟ್', 'ಹಿ ಗೋಯೆತ್' ಎಂಬ ರೂಪಗಳು ಸಿಗುತ್ತವೆ. ಕಾಲಕ್ರಮದಲ್ಲಿ ಎಲ್ಲ ಉದುರಿ ಈ ಒಂದು 'ಎಸ್' ಉಳಿಯಿತು. ಅದೂ ಉತ್ತರ ಇಂಗ್ಲೆಂಡಿನ ಆಡುಮಾತಿನಿಂದ ದಕ್ಷಿಣಕ್ಕೆ ಇಳಿದು ಬಂದದ್ದು, ಘಟ್ಟದ ಮೇಲಿನ ಮಾತು ಕೆಳಗಿನ ಪೇಟೆಗೆ ಇಳಿದ ಹಾಗೆ. ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ, ಹೋಗುತ್ತಾರೆ ಎಂದು ಇಷ್ಟೊಂದು ಬಾಲಗಳನ್ನು ಮೂರು ವರ್ಷದ ಮಗುವಾಗಿದ್ದಾಗಲೇ ಕಲಿತ ನಮಗೆ ಒಂದು 'ಎಸ್' ಭಾರವಾಗಬಾರದು. ಆದರೆ ಅದು ಒಂದೇ ಎಂಬುದು ನೆನಪಿರಲಿ. ಪ್ರಶ್ನೆ ಕೇಳುವಾಗ 'ಡು' ಅದನ್ನು ಕಸಿದುಕೊಂಡು 'ಡಸ್' ಆಗುತ್ತದೆ. ಮತ್ತೆ 'ಗೋಸ್' ಎನ್ನಲು ಇನ್ನೊಂದು 'ಎಸ್' ಉಳಿದಿರುವುದಿಲ್ಲ. 'ಡಸ್ ಹಿ ಗೋ?'

ಈಗ ನಮ್ಮ ನಾಲಗೆ ಜಾರುವ ಜಾಗಗಳಿಗೆ ಬರುತ್ತೇನೆ.

ಶಾಲೆಯ ಕನ್ನಡ ವ್ಯಾಕರಣದಲ್ಲಿ 'ಉತ್ತ' ವರ್ತಮಾನಕ್ಕೆ, 'ವ', 'ಉವ' ಭವಿಷ್ಯತ್ತಿಗೆ ಎಂದು ಕಲಿತಿದ್ದೇವೆ. ಪರೀಕ್ಷೆಯಲ್ಲಿ ಅಂಕವೂ ಸಿಕ್ಕಿದೆ. ಆದರೆ 'ನಾಳೆ ಹುಬ್ಬಳ್ಳಿಗೆ ಹೋಗುವೆನು' ಎಂದು ನಮ್ಮಲ್ಲಿ ಮಾತಾಡುವವರು ಯಾರು? ರಾತ್ರಿ ಹತ್ತರ ನಂತರ ಕಿರೀಟ ಕಟ್ಟಿಕೊಂಡು ರಂಗಕ್ಕೆ ಬರುವ ಯಕ್ಷಗಾನದ ವೇಷ ಬಿಟ್ಟರೆ ಇನ್ನಾರೂ ಇಲ್ಲ. ನಾವೆಲ್ಲ ಹೇಳುವುದು 'ನಾಳೆ ಹೋಗುತ್ತೇನೆ' ಎಂದು. ದಿನಾಲೂ ಹೋಗುವುದಕ್ಕೂ 'ಹೋಗುತ್ತೇನೆ', ನಾಳೆ ಹೋಗುವುದಕ್ಕೂ 'ಹೋಗುತ್ತೇನೆ'. ಒಂದೇ ಅಂಗಿಯನ್ನು ತೋಟಕ್ಕೂ ಪೇಟೆಗೂ ಹಾಕಿದಂತೆ. ಇಂಗ್ಲಿಷಿಗೆ ಇದು ಒಗ್ಗುವುದಿಲ್ಲ. ಹಾಗಾಗಿ 'ದಿನಾಲೂ ಆರಕ್ಕೆ ಏಳುತ್ತೇನೆ' ಎಂಬುದನ್ನು ನಮ್ಮ ಹುಡುಗರು 'ಐ ವಿಲ್ ಗೆಟ್ ಅಪ್ ಅಟ್ ಸಿಕ್ಸ್ ಡೈಲಿ' ಎಂದು ಬರೆಯುತ್ತಾರೆ. ಓದಿದವರಿಗೆ ಅದು ನಾಳೆಯಿಂದ ಶುರುವಾಗುವ ಶಪಥದ ಹಾಗೆ ಕೇಳಿಸುತ್ತದೆ. ಏಳುವ ಅಭ್ಯಾಸ ಈಗಾಗಲೇ ಇದ್ದರೆ 'ಐ ಗೆಟ್ ಅಪ್' ಸಾಕು.

ಇದರ ತಮ್ಮನೊಬ್ಬನಿದ್ದಾನೆ. 'ಅವನು ಯಾವಾಗಲೂ ಆ ಅಂಗಡಿಯಲ್ಲಿ ಕುಳಿತಿರುತ್ತಾನೆ', 'ಪ್ರತಿ ಮಳೆಗಾಲದಲ್ಲೂ ಕೊಡೆ ಕಳೆದುಕೊಂಡು ಬರುತ್ತಿರುತ್ತಾನೆ'. ಈ 'ಇರುತ್ತಾನೆ' ಎಂಬುದು ಕನ್ನಡದ ಸೊಗಸು. ಅಭ್ಯಾಸವನ್ನೂ ನಡೆಯುತ್ತಿರುವ ಸ್ಥಿತಿಯನ್ನೂ ಒಂದೇ ಮಾತಿನಲ್ಲಿ ಕಟ್ಟಿಕೊಡುತ್ತದೆ. ಆದರೆ ಇಂಗ್ಲಿಷಿಗೆ ಹೋಗುವಾಗ ನಾವು ಅದನ್ನು 'ಹಿ ವಿಲ್ ಬಿ ಸಿಟ್ಟಿಂಗ್' ಮಾಡುತ್ತೇವೆ. ಇಂಗ್ಲಿಷ್ ಹುಟ್ಟುಮಾತಿನವನು ಅದನ್ನು ಕೇಳಿ, ಎಷ್ಟು ಗಂಟೆಗೆ ಬಂದು ಕೂರುತ್ತಾನೆ ಎಂದು ಕಾಯುತ್ತಾನೆ. 'ಹಿ ಸಿಟ್ಸ್ ದೇರ್ ಎವ್ರಿ ಡೇ' ಎಂದರೆ ಮುಗಿಯಿತು. ಹೇಳುವವರಿಗೆ ಸ್ವಲ್ಪ ಸಿಟ್ಟು ಬಂದಿದ್ದರೆ ಮಾತ್ರ 'ಆಲ್ವೇಸ್' ಸೇರಿಸಿ 'ಇಂಗ್' ಹಚ್ಚಬಹುದು: 'ಹಿ ಈಸ್ ಆಲ್ವೇಸ್ ಲೂಸಿಂಗ್ ಹಿಸ್ ಅಂಬ್ರೆಲಾ.' ಇದು ವರದಿಯಲ್ಲ, ಗೊಣಗಾಟ. ಅಜ್ಜಿಯಂದಿರಿಗೆ ಬಹಳ ಉಪಯೋಗಕ್ಕೆ ಬರುವ ವಾಕ್ಯ.

ಹಾಗಾದರೆ ಯಾವಾಗ ಯಾವುದನ್ನು ಬಳಸಬೇಕೆಂದು ತಿಳಿಯುವುದು ಹೇಗೆ? ಇಲ್ಲಿ ನಾನು ಮೂವತ್ತು ವರ್ಷ ಪಾಠ ಮಾಡಿ ಕಂಡುಕೊಂಡ ಒಂದು ಉಪಾಯವಿದೆ. ಇಂದು ಬೇರೆಲ್ಲ ಮರೆತರೂ ಇದನ್ನು ಒಯ್ಯಿರಿ. ಅನುಮಾನ ಬಂದ ವಾಕ್ಯಕ್ಕೆ ಕನ್ನಡದಲ್ಲಿ 'ಇಲ್ಲ' ಹಚ್ಚಿ ನೋಡಿ.

ಕನ್ನಡ 'ಹೌದು' ಎನ್ನುವಾಗ ಉದಾರಿ. 'ಇಲ್ಲ' ಎನ್ನುವಾಗ ಬಲು ಲೆಕ್ಕಾಚಾರದ್ದು. ಊಟಕ್ಕೆ ಕುಳಿತ ನಾಲ್ವರನ್ನು ಕಲ್ಪಿಸಿಕೊಳ್ಳಿ. ಮೀನು ಸಾರು ಬಡಿಸಲು ಬರುತ್ತಾರೆ. ಒಬ್ಬ ನನ್ನಂತೆ ಘಟ್ಟದ ಮೇಲಿನ ಭಟ್ಟ. 'ಮೀನು ತಿನ್ನುವುದಿಲ್ಲ' ಎನ್ನುತ್ತಾನೆ. ಇನ್ನೊಬ್ಬ ಇಲ್ಲಿಯವನೇ, ಆದರೆ ಶ್ರಾವಣ ಮಾಸ. 'ಈಗ ತಿನ್ನುತ್ತಿಲ್ಲ' ಎನ್ನುತ್ತಾನೆ. ಮೂರನೆಯವನು ಹಸಿದು ಬಂದಿದ್ದಾನೆ. 'ಇವತ್ತು ಇನ್ನೂ ತಿಂದಿಲ್ಲ, ಬಡಿಸಿ' ಎನ್ನುತ್ತಾನೆ. ನಾಲ್ಕನೆಯವನು ಸೋಮವಾರದ ಉಪವಾಸದ ಕಥೆ ಹೇಳುತ್ತ 'ನಿನ್ನೆ ತಿನ್ನಲಿಲ್ಲ' ಎನ್ನುತ್ತಾನೆ. ತಿನ್ನುವುದಿಲ್ಲ, ತಿನ್ನುತ್ತಿಲ್ಲ, ತಿಂದಿಲ್ಲ, ತಿನ್ನಲಿಲ್ಲ. ಬಡಿಸುವ ಅಮ್ಮನಿಗೆ ಈ ನಾಲ್ಕರಲ್ಲಿ ಎಂದಾದರೂ ಗೊಂದಲವಾಗುತ್ತದೆಯೇ? ಯಾರ ಎಲೆಗೆ ಬಡಿಸಬೇಕು, ಯಾರ ಎಲೆ ದಾಟಬೇಕು ಎಂದು ಅರೆಗಳಿಗೆಯಲ್ಲಿ ತಿಳಿಯುತ್ತದೆ.

ಈಗ ಇಂಗ್ಲಿಷನ್ನು ಪಕ್ಕದಲ್ಲಿಡಿ. 'ಐ ಡೋಂಟ್ ಈಟ್ ಫಿಶ್.' 'ಐ ಆ್ಯಮ್ ನಾಟ್ ಈಟಿಂಗ್ ಫಿಶ್.' 'ಐ ಹ್ಯಾವ್ ನಾಟ್ ಈಟನ್ ಫಿಶ್.' 'ಐ ಡಿಡ್ ನಾಟ್ ಈಟ್ ಫಿಶ್.' ಒಂದಕ್ಕೊಂದು ಬಾಗಿಲಿಗೆ ಚೌಕಟ್ಟು ಕೂತ ಹಾಗೆ ಕೂರುತ್ತವೆ. 'ವುದಿಲ್ಲ' ಬಂದರೆ ಸಾಮಾನ್ಯ ವರ್ತಮಾನ. 'ತ್ತಿಲ್ಲ' ಬಂದರೆ 'ಇಂಗ್'. 'ದಿಲ್ಲ', 'ಡಿಲ್ಲ' ಎಂದು ಬಂದರೆ 'ಹ್ಯಾವ್'. 'ಲಿಲ್ಲ' ಬಂದರೆ ವರ್ತಮಾನದ ಗಡಿಯೇ ದಾಟಿತು, ಭೂತಕಾಲ. ಭಟ್ಟನನ್ನು ಇನ್ನೂ ಕೆಣಕಿದರೆ 'ಎಂದೂ ತಿಂದಿಲ್ಲ' ಎನ್ನುತ್ತಾನೆ. ಅದೂ 'ಹ್ಯಾವ್' ಮನೆಯದೇ, 'ಐ ಹ್ಯಾವ್ ನೆವರ್ ಈಟನ್ ಫಿಶ್.' ಒಂದು ಎಚ್ಚರಿಕೆ ಮಾತ್ರ ಬೇಕು. 'ತಿನ್ನುವುದಿಲ್ಲ' ಎಂಬುದು ಹಟದ ಮಾತೂ ಆಗಬಹುದು. 'ನೀವು ಕೊಟ್ಟರೂ ನಾಳೆ ತಿನ್ನುವುದಿಲ್ಲ' ಎಂದರೆ ಅಲ್ಲಿ 'ವೋಂಟ್' ಬೇಕು. ಮುಂದೆ 'ದಿನಾಲೂ' ಸೇರುತ್ತದೆಯೋ 'ನಾಳೆ' ಸೇರುತ್ತದೆಯೋ ಎಂದು ಒಮ್ಮೆ ನೋಡಿಕೊಂಡರೆ ಸಾಕು.

ಪ್ರೌಢಶಾಲೆಯ ಶಿಕ್ಷಕರು ಇಲ್ಲಿದ್ದೀರಿ. ಹನ್ನೆರಡು ಮನೆಯ ಕೋಷ್ಟಕ ಬರೆಸುವ ಮೊದಲು ಒಂದು ವಾರ ಈ ನಾಲ್ಕು 'ಇಲ್ಲ'ಗಳ ಆಟ ಆಡಿಸಿ ನೋಡಿ. ಅಡಿಕೆ ಸುಲಿಯುವುದು, ನೀರು ಸೇದುವುದು, ಕ್ರಿಕೆಟ್ ಆಡುವುದು, ಯಾವ ಕೆಲಸವಾದರೂ ಆದೀತು. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬಳಸಬಾರದು ಎಂದು ಆಕ್ಷೇಪಿಸುವವರು ಬರುತ್ತಾರೆ. ಅವರಿಗೆ ನನ್ನ ಹೆಸರು ಹೇಳಿ.

'ಹ್ಯಾವ್' ರೂಪದ ವಿಷಯಕ್ಕೆ ಇನ್ನಷ್ಟು ಹೊತ್ತು ಕೊಡಬೇಕು, ನಮ್ಮವರು ಹೆಚ್ಚು ಬೀಳುವುದು ಅಲ್ಲೇ. 'ಅವನು ಬಂದಿದ್ದಾನೆ' ಎಂದರೆ ಬರುವುದು ಮುಗಿದಿದೆ, ಅವನು ಇದ್ದಾನೆ. 'ಹಿ ಹ್ಯಾಸ್ ಕಮ್.' ಇಲ್ಲಿಯವರೆಗೆ ಎರಡು ಭಾಷೆಗಳೂ ಕೈ ಹಿಡಿದುಕೊಂಡು ನಡೆಯುತ್ತವೆ. ಆದರೆ ನಾವು 'ನಿನ್ನೆ ಬಂದಿದ್ದಾನೆ' ಎಂದೂ ಹೇಳುತ್ತೇವೆ, ಯಾರಿಗೂ ಕಿವಿಗೆ ಚುಚ್ಚುವುದಿಲ್ಲ. ಇಂಗ್ಲಿಷಿನಲ್ಲಿ ನಿನ್ನೆ, ಹೋದ ವಾರ, 2019ರಲ್ಲಿ ಎಂದು ಮುಗಿದುಹೋದ ದಿನದ ಹೆಸರು ಹೇಳಿದೊಡನೆ 'ಹ್ಯಾವ್' ಎದ್ದು ಹೋಗುತ್ತದೆ. 'ಹಿ ಕೇಮ್ ಯೆಸ್ಟರ್‌ಡೇ.' ಸೂತಕದವರು ಉಳಿದವರ ಜೊತೆ ಊಟಕ್ಕೆ ಕೂರದ ಹಾಗೆ, 'ಹ್ಯಾವ್' ಮತ್ತು ಮುಗಿದ ದಿನದ ಹೆಸರು ಒಂದೇ ಪಂಕ್ತಿಯಲ್ಲಿ ಕೂರುವುದಿಲ್ಲ.

ಹೋಗುವುದರಲ್ಲಿ ಇನ್ನೊಂದು ಸೂಕ್ಷ್ಮವಿದೆ. 'ಹಿ ಹ್ಯಾಸ್ ಗಾನ್ ಟು ಗೋಕರ್ಣ' ಎಂದರೆ ಆಸಾಮಿ ಇನ್ನೂ ಅಲ್ಲೇ ಇದ್ದಾನೆ ಅಥವಾ ದಾರಿಯಲ್ಲಿದ್ದಾನೆ. 'ಹಿ ಹ್ಯಾಸ್ ಬೀನ್ ಟು ಗೋಕರ್ಣ' ಎಂದರೆ ಮಹಾಬಲೇಶ್ವರನ ದರ್ಶನ ಮಾಡಿ ಮನೆಗೆ ಮರಳಿದ್ದಾನೆ. ಪುಸ್ತಕಗಳಲ್ಲಿ ಇದಕ್ಕೆ ಅರ್ಧ ಪುಟ ವಿವರಣೆ ಕೊಟ್ಟಿರುತ್ತಾರೆ. ಕನ್ನಡದಲ್ಲಿ ಕೇಳಿಕೊಂಡರೆ ಒಂದೇ ಸಾಲು: ಮೊದಲನೆಯದು 'ಹೋಗಿದ್ದಾನೆ', ಎರಡನೆಯದು 'ಹೋಗಿ ಬಂದಿದ್ದಾನೆ'.

ಈ ಊರಿನ ಹೆಮ್ಮೆಯ ಸಂಗತಿಯೊಂದನ್ನು ಇಂಗ್ಲಿಷಿನಲ್ಲಿ ಹೇಳುವಾಗಲೂ ಇದೇ ತೊಡಕು ಬರುತ್ತದೆ. ರವೀಂದ್ರನಾಥ ಟ್ಯಾಗೋರರು 1880ರ ದಶಕದ ಆರಂಭದಲ್ಲಿ, ಇನ್ನೂ ತರುಣರಾಗಿದ್ದಾಗ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಇದನ್ನು ಒಬ್ಬ ವಿದ್ಯಾರ್ಥಿ 'ಟ್ಯಾಗೋರ್ ಹ್ಯಾಸ್ ಕಮ್ ಟು ಕಾರವಾರ' ಎಂದು ಬರೆದ. ಓದಿದರೆ ಅವರು ಬಸ್ ನಿಲ್ದಾಣದಲ್ಲಿ ಇಳಿದು ಆಟೋ ಹುಡುಕುತ್ತಿದ್ದಾರೆ ಎಂಬಂತಿದೆ. 'ಹ್ಯಾಸ್' ಬರಬೇಕಾದರೆ ಆ ವ್ಯಕ್ತಿ ಇಂದಿನ ನಮ್ಮ ಲೆಕ್ಕದೊಳಗೆ ಇರಬೇಕು. ಗತಿಸಿದವರು ಎಷ್ಟು ದೊಡ್ಡವರಾದರೂ 'ಕೇಮ್'. ಇನ್ನೊಬ್ಬ 'ಬಂದಿದ್ದರು' ಎಂಬುದನ್ನು ಹಿಡಿದುಕೊಂಡು 'ಹ್ಯಾಡ್ ಕಮ್' ಎಂದು ಬರೆದ. ನಮಗೆ ದೂರದ ಯಾವುದೇ ಸಂಗತಿಗೆ 'ಇದ್ದರು' ಸೇರಿಸುವ ರೂಢಿ. ಇಂಗ್ಲಿಷಿನ 'ಹ್ಯಾಡ್'ಗೆ ಪಕ್ಕದಲ್ಲಿ ಇನ್ನೊಂದು ಭೂತಕಾಲದ ಘಟನೆ ಬೇಕು, ಒಂಟಿಯಾಗಿ ನಿಲ್ಲಲು ಅದಕ್ಕೆ ಕಾಲಿಲ್ಲ. ಅದು ಬೇರೆ ದಿನದ ಪಾಠ.

ಇನ್ನು ಯಾವ ಗೈಡಿನಲ್ಲೂ ನಾನು ನೋಡದ ಒಂದು ಹಳ್ಳ ಹೇಳುತ್ತೇನೆ. ಕುಳಿತಿದ್ದಾನೆ, ನಿಂತಿದ್ದಾನೆ, ಮಲಗಿದ್ದಾನೆ, ಕೊಡೆ ಹಿಡಿದಿದ್ದಾನೆ, ಕೆಂಪು ಅಂಗಿ ಹಾಕಿದ್ದಾನೆ. ಈ ಎಲ್ಲ ಮಾತುಗಳಲ್ಲಿ ಕನ್ನಡ, ಕೆಲಸ ಮುಗಿದು ಸ್ಥಿತಿ ಉಳಿದಿದೆ ಎಂದು ನೋಡುತ್ತದೆ. ಕೂರುವ ಕ್ರಿಯೆ ಒಂದು ಕ್ಷಣದ್ದು. ಆಮೇಲೆ ಇರುವುದು ಕುಳಿತ ಮನುಷ್ಯ. ತರ್ಕ ಸರಿಯಾಗಿಯೇ ಇದೆ. ಇಂಗ್ಲಿಷ್ ಮಾತ್ರ ಕುಳಿತವನು ಎದ್ದೇಳುವ ತನಕವೂ ಕೂರುವ ಕೆಲಸವನ್ನು ಮಾಡುತ್ತಲೇ ಇದ್ದಾನೆ ಎಂದು ಭಾವಿಸುತ್ತದೆ: 'ಹಿ ಈಸ್ ಸಿಟ್ಟಿಂಗ್', 'ಹಿ ಈಸ್ ಸ್ಟ್ಯಾಂಡಿಂಗ್', 'ಹಿ ಈಸ್ ಹೋಲ್ಡಿಂಗ್ ಆ್ಯನ್ ಅಂಬ್ರೆಲಾ', 'ಹಿ ಈಸ್ ವೇರಿಂಗ್ ಎ ರೆಡ್ ಶರ್ಟ್'. ಚಿತ್ರ ನೋಡಿ ವಿವರಿಸಿ ಎಂಬ ಪ್ರಶ್ನೆಗೆ 'ದ ಮ್ಯಾನ್ ಹ್ಯಾಸ್ ವೋರ್ನ್ ಎ ರೆಡ್ ಶರ್ಟ್' ಎಂದು ಬರೆದ ಉತ್ತರಗಳನ್ನು ನಾನು ಲೆಕ್ಕವಿಲ್ಲದಷ್ಟು ತಿದ್ದಿದ್ದೇನೆ. ಮಕ್ಕಳ ತಪ್ಪಲ್ಲ, ಅವರು ಕನ್ನಡವನ್ನು ಪ್ರಾಮಾಣಿಕವಾಗಿ ಹಿಂಬಾಲಿಸಿದ್ದಾರೆ. 'ಇಲ್ಲ'ದ ಉಪಾಯವೂ ಈ ಒಂದು ಕಡೆ ಕೈ ಕೊಡುತ್ತದೆ, 'ಕುಳಿತಿಲ್ಲ' ಎಂದೇ ಬರುತ್ತದೆ. ಆದ್ದರಿಂದ ಮೈಯ ಭಂಗಿ, ಕೈಯಲ್ಲಿ ಹಿಡಿದದ್ದು, ಮೈಮೇಲೆ ತೊಟ್ಟದ್ದು ಈ ಮೂರಕ್ಕೆ ಕಣ್ಣು ಮುಚ್ಚಿ 'ಇಂಗ್' ಹಚ್ಚಿ. ಇಲ್ಲಿ ಉಪಾಯ ನಡೆಯುವುದಿಲ್ಲ, ರೂಢಿ ಮಾಡಿಕೊಳ್ಳಬೇಕು.

ಕೊನೆಯದಾಗಿ 'ಇಂದ'. ನಮಗೆ 'ಸೋಮವಾರದಿಂದ' ಎಂದರೂ 'ಇಂದ', 'ಎರಡು ದಿನದಿಂದ' ಎಂದರೂ 'ಇಂದ'. ಇಂಗ್ಲಿಷಿನಲ್ಲಿ ಶುರುವಾದ ಬಿಂದುವಿಗೆ 'ಸಿನ್ಸ್', ಕಳೆದ ಅವಧಿಗೆ 'ಫಾರ್'. ಇದಕ್ಕೆ ಈ ತಾಲೂಕಿನ ಒಳಗೇ ಒಳ್ಳೆಯ ಉದಾಹರಣೆ ಸಿಗುತ್ತದೆ. ಕೈಗಾ ಅಣು ವಿದ್ಯುತ್ ಸ್ಥಾವರದ ಒಂದನೇ ಘಟಕ 2016ರ ಮೇ 13ರಂದು ಚಾಲೂ ಆದದ್ದು, ಒಂದು ದಿನವೂ ನಿಲ್ಲದೆ 2018ರ ಡಿಸೆಂಬರ್ 31ರವರೆಗೆ ಓಡಿತು. 962 ದಿನ; ಆಗ ಅದು ವಿಶ್ವದಾಖಲೆ. ಅದು ಇನ್ನೂ ಓಡುತ್ತಿದ್ದ ಕೊನೆಯ ದಿನ ನೀವು ಅಲ್ಲಿ ನಿಂತು ಇಂಗ್ಲಿಷಿನಲ್ಲಿ ಹೇಳಬೇಕಾಗಿದ್ದರೆ ಎರಡು ದಾರಿಗಳಿದ್ದವು: 'ಇಟ್ ಹ್ಯಾಸ್ ಬೀನ್ ರನ್ನಿಂಗ್ ಸಿನ್ಸ್ ಮೇ 2016' ಅಥವಾ 'ಇಟ್ ಹ್ಯಾಸ್ ಬೀನ್ ರನ್ನಿಂಗ್ ಫಾರ್ 962 ಡೇಸ್'. 'ಓಡುತ್ತ ಬಂದಿದೆ' ಎಂಬ ನಮ್ಮ ಮಾತಿನಲ್ಲಿರುವ 'ಬಂದಿದೆ'ಯೇ ಆ 'ಹ್ಯಾಸ್ ಬೀನ್'. ಮರುದಿನ, ಘಟಕ ನಿಂತ ಮೇಲೆ, ಅದೇ ಸಂಗತಿ 'ಇಟ್ ರ್‍ಯಾನ್ ಫಾರ್ 962 ಡೇಸ್' ಆಗುತ್ತದೆ. 'ಫಾರ್' ಹಾಗೆಯೇ ಉಳಿಯಿತು, 'ಹ್ಯಾಸ್ ಬೀನ್' ನಿಂತಿತು.

ನಮ್ಮವರು ಇದನ್ನು 'ಈಸ್ ರನ್ನಿಂಗ್ ಸಿನ್ಸ್ 962 ಡೇಸ್' ಮಾಡುತ್ತಾರೆ. ಈ ತಪ್ಪಿನ ತವರುಮನೆ ರಜಾ ಅರ್ಜಿ. 'ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಟು ಡೇಸ್.' ನನ್ನ ಮೇಜಿನ ಮುಂದೆ ಗಟ್ಟಿಮುಟ್ಟಾಗಿ ನಿಂತ ಹುಡುಗ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದವನು, ಕೈಯಲ್ಲಿ ಈ ಚೀಟಿ ಹಿಡಿದಿರುತ್ತಿದ್ದ. ಚೀಟಿಯ ಪ್ರಕಾರ ಅವನು ಆ ಕ್ಷಣದಲ್ಲೂ ಜ್ವರದಿಂದ ನರಳುತ್ತಿದ್ದಾನೆ! ಜ್ವರ ಇಳಿದ ಮೇಲೆ ಬರೆದರೆ 'ಐ ಹ್ಯಾಡ್ ಫೀವರ್ ಫಾರ್ ಟು ಡೇಸ್' ಎಂದು ತಿದ್ದಿಸುತ್ತಿದ್ದೆ. ಅಪ್ಪಂದಿರು ಸಹಿ ಹಾಕಿದ ಅರ್ಜಿಯನ್ನು ತಿದ್ದಿದೆನೆಂದು ಒಂದೆರಡು ಬಾರಿ ಬೈಸಿಕೊಂಡದ್ದೂ ಉಂಟು.

'ಐ ಆ್ಯಮ್ ನೋಯಿಂಗ್', 'ಐ ಆ್ಯಮ್ ವಾಂಟಿಂಗ್' ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೊತ್ತು, ಬೇಕು, ಸಾಕು ಎಂಬ ಮಾತುಗಳಿಗೆ ಕನ್ನಡದಲ್ಲಿ 'ಉತ್ತ' ಹಚ್ಚಲು ಪ್ರಯತ್ನಿಸಿ ನೋಡಿ. ಗೊತ್ತುತ್ತಿದೆ, ಬೇಕುತ್ತಿದೆ... ನೀವೇ ನಗುತ್ತಿದ್ದೀರಿ. ಇಂಗ್ಲಿಷಿನವರೂ ಅದಕ್ಕೇ ನಗುವುದು.

ಮಾತು ಇಲ್ಲಿಗೆ ನಿಲ್ಲಿಸಿ ಪ್ರಶ್ನೆ ಕೇಳಿ ಎಂದೆ. ಎಂದಿನಂತೆ ಮೊದಲು ಮೌನ, ಮಳೆಯ ಸದ್ದು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು.

'ಸರ್, ನಿಷೇಧ ಎಲ್ಲರಿಗೂ ಇಲ್ಲ. ಎಂಜಿನ್ ಇಲ್ಲದ ಪಾತಿ ದೋಣಿಯವರು ಈಗಲೂ ಹೋಗಬಹುದು. ನಮ್ಮ ಅಪ್ಪ ಹೋಗುತ್ತಾರೆ. ಅವರು ಐ ಆ್ಯಮ್ ಕ್ಯಾಚಿಂಗ್ ಫಿಶ್ ಎಂದರೆ ಅಪರಾಧ ಅಲ್ಲವಲ್ಲ?'

ಸಭೆಯಲ್ಲಿ ನಗು. ಅಪರಾಧ ಅಲ್ಲ, ನನ್ನ ಮಾತಿಗೆ ಅಷ್ಟು ತಿದ್ದುಪಡಿ ಇರಲಿ ಎಂದೆ. ಈ ದಿನಗಳಲ್ಲಿ ನಡೆಯುತ್ತಿರುವ ಕೆಲಸಕ್ಕೂ 'ಇಂಗ್' ಹಚ್ಚಬಹುದು, ಆ ಕ್ಷಣದಲ್ಲಿ ಬಲೆ ಕೈಯಲ್ಲಿ ಇರಲೇಬೇಕೆಂದಿಲ್ಲ; ಕಾದಂಬರಿ ಮನೆಯಲ್ಲಿದ್ದರೂ 'ಐ ಆ್ಯಮ್ ರೀಡಿಂಗ್ ಎ ನಾವೆಲ್' ಎನ್ನುತ್ತೇವಲ್ಲ, ಹಾಗೆ. ಅದಿರಲಿ, ಅಪ್ಪ ಈಗ ಎಲ್ಲಿದ್ದಾರೆ ಎಂದು ಕೇಳಿದೆ.

'ಈ ಮಳೆಯಲ್ಲಿ ಎಲ್ಲಿಗೆ ಹೋಗುತ್ತಾರೆ ಸರ್, ಮನೆಯಲ್ಲಿ ಮಲಗಿದ್ದಾರೆ.'

ಅದನ್ನೇ ಇಂಗ್ಲಿಷಿನಲ್ಲಿ ಹೇಳು ಎಂದೆ. ಅವಳು ಒಂದು ಕ್ಷಣ ಹಲಗೆಯ ಕಡೆ ನೋಡಿದಳು, 'ಹಿ ಹ್ಯಾಸ್' ಎಂದು ಶುರು ಮಾಡಿ ನಾಲಗೆ ಕಚ್ಚಿಕೊಂಡಳು.

'ಹಿ ಈಸ್ ಲೈಯಿಂಗ್ ಡೌನ್. ಹಿ ಹ್ಯಾಸ್ ನಾಟ್ ಗಾನ್ ಟುಡೇ.'